ಅರ್ಜಿ ನಮೂನೆ ಇಲ್ಲದ ಪ್ರಶಸ್ತಿ

"ಸರ, ಇದಕ್ಕ ಅರ್ಜಿ ಯಾವಾಗ ಕರೀತಾರ್ರಿ?"

ಕೊಪ್ಪಳದ ನಮ್ಮ ಓದುಗರ ಗುಂಪಿನಲ್ಲಿ ಬಿ.ಎ. ಎರಡನೇ ವರ್ಷದ ಹುಡುಗನೊಬ್ಬ ಹೀಗೆ ಕೇಳಿದ. ಆ ಸಂಜೆ ನಾನು ಶ್ರೀಲಂಕಾದ ಕಾದಂಬರಿಕಾರ ವಜ್ರ ಚಂದ್ರಶೇಖರ ಅವರ ಬಗ್ಗೆ ಮಾತಾಡಿದ್ದೆ. ಕೊಲಂಬೊದವರು, ಇಂಗ್ಲಿಷಿನಲ್ಲಿ ವಿಜ್ಞಾನ ಕಥೆ, ಫ್ಯಾಂಟಸಿ ಬರೆಯುತ್ತಾರೆ. ಅವರ ಮೊದಲ ಕಾದಂಬರಿ 'ದ ಸೇಂಟ್ ಆಫ್ ಬ್ರೈಟ್ ಡೋರ್ಸ್' 2023ರಲ್ಲಿ ಬಂತು. ಮರುವರ್ಷವೇ ಅದಕ್ಕೆ, ಈ ಬಗೆಯ ಬರಹಕ್ಕೆಂದೇ ಇರುವ ನೆಬ್ಯುಲಾ ಪ್ರಶಸ್ತಿ. ಅದೇ ವರ್ಷ ಲೋಕಸ್ ಪತ್ರಿಕೆಯ ಚೊಚ್ಚಲ ಕಾದಂಬರಿ ಪ್ರಶಸ್ತಿ, ಕ್ರಾಫರ್ಡ್ ಪ್ರಶಸ್ತಿ, ಇಗ್ನೈಟ್ ಪ್ರಶಸ್ತಿ. ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಹೆಸರು. ಎರಡನೇ ಕಾದಂಬರಿ 'ರೇಕ್ಸ್‌ಫಾಲ್' 2025ರಲ್ಲಿ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಹೆಸರಿನ 25,000 ಡಾಲರ್ ಬಹುಮಾನ ತಂದುಕೊಟ್ಟಿತು. ಸಮುದ್ರ ದಾಟಿದರೆ ಸಿಗುವ ಊರಿನ ಒಬ್ಬ ಮನುಷ್ಯನಿಗೆ ಎರಡೇ ವರ್ಷದಲ್ಲಿ ಇಷ್ಟೆಲ್ಲ ಸಿಕ್ಕಿತು ಅಂದರೆ ಹುಡುಗರಿಗೆ ಆಸೆ ಹುಟ್ಟುವುದು ಸಹಜ.

ಪ್ರಶ್ನೆಗೆ ಗುಂಪೆಲ್ಲ ನಕ್ಕಿತು. ಆದರೆ ಹುಡುಗನ ತಪ್ಪೇನೂ ಇಲ್ಲ. ನಮ್ಮಲ್ಲಿ ಪ್ರಶಸ್ತಿ ಅಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಚೌಕ: 'ಪ್ರಶಸ್ತಿಗೆ ಕೃತಿಗಳ ಆಹ್ವಾನ'. ಪುಸ್ತಕದ ನಾಲ್ಕು ಪ್ರತಿ, ಸ್ವವಿವರ, ಇತ್ತೀಚಿನ ಎರಡು ಭಾವಚಿತ್ರ, ಕೊನೆಯ ದಿನಾಂಕ. ನಾನೂ ಒಂದು ಕಾಲಕ್ಕೆ ನನ್ನ ತೆಳ್ಳನೆಯ ಕವನ ಸಂಕಲನವನ್ನು ಹೀಗೆ ಊರೂರಿಗೆ ಕಳಿಸಿ ಕೊರಿಯರ್ ಅಂಗಡಿಯವನನ್ನು ಉದ್ಧಾರ ಮಾಡಿದವನೇ. ಒಂದು ಕಡೆಯಿಂದ ಫೋನ್ ಬಂತು. ನಿಮಗೆ ಪ್ರಶಸ್ತಿ ಬಂದಿದೆ, ಸಮಾರಂಭದ ಖರ್ಚಿಗೆ ನಿಮ್ಮ ಕೈಲಾದ ಸಹಕಾರ ಕೊಟ್ಟರೆ ಅನುಕೂಲ ಅಂದರು. ಆ ಫೋನ್ ಇಟ್ಟ ಮೇಲೆ ಕೊರಿಯರ್ ನಿಂತಿತು.

ಹ್ಯೂಗೊ, ನೆಬ್ಯುಲಾಗಳಿಗೆ ಅರ್ಜಿ ನಮೂನೆ ಇಲ್ಲ. ಅಲ್ಲಿ ಮತದಾರರಿದ್ದಾರೆ. ಒಬ್ಬ ಕಾದಂಬರಿಕಾರನಿಗೆ ಮನ್ನಣೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಆ ಮತದಾರ ಯಾರು ಅನ್ನುವ ಕಡೆಗೇ ಹೋಗಿ ಮುಟ್ಟುತ್ತೇವೆ.

ಹ್ಯೂಗೊ 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದದ್ದು. ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬ ಪತ್ರಿಕಾ ಸಂಪಾದಕರ ಹೆಸರನ್ನು ಅದಕ್ಕಿಟ್ಟರು. ಗೆದ್ದವರಿಗೆ ರಾಕೆಟ್ ಆಕಾರದ ಒಂದು ಟ್ರೋಫಿ ಸಿಗುತ್ತದೆ, ನಗದು ಇಲ್ಲ. ವರ್ಲ್ಡ್‌ಕಾನ್ ಎಂಬ ವಿಜ್ಞಾನ ಕಥೆಗಳ ಜಾತ್ರೆ ವರ್ಷಕ್ಕೊಂದು ಊರಲ್ಲಿ ನಡೆಯುತ್ತದಲ್ಲ, ಅದರ ಸದಸ್ಯರೇ ಮತ ಹಾಕುವವರು. ಜಾತ್ರೆಗೆ ಹೋಗಲೇಬೇಕೆಂದಿಲ್ಲ. ಸುಮಾರು 50 ಡಾಲರ್ ಕಟ್ಟಿದರೆ ಕುಷ್ಟಗಿಯಲ್ಲಿ ಕೂತೂ ಮತ ಹಾಕಬಹುದು. ಮೊದಲ ಸುತ್ತಿನಲ್ಲಿ ಒಬ್ಬರು ಒಂದು ವಿಭಾಗಕ್ಕೆ ಐದು ಹೆಸರಿನ ತನಕ ಸೂಚಿಸಬಹುದು, ಆರು ಕೃತಿಗಳು ಅಂತಿಮ ಪಟ್ಟಿಗೆ ಬರುತ್ತವೆ.

ಎಣಿಕೆಯ ಪದ್ಧತಿ ನಮಗೆ ಹೊಸದಲ್ಲ. ಈಶಾನ್ಯ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ಮತ ಹಾಕಿದ ಬಳ್ಳಾರಿ, ರಾಯಚೂರು, ಕೊಪ್ಪಳದ ಯಾರಿಗಾದರೂ ಒಂದೇ ಮಾತಲ್ಲಿ ಹೇಳಬಹುದು: ಪ್ರಾಶಸ್ತ್ಯದ ಮತ. ಒಂದು, ಎರಡು, ಮೂರು ಅಂತ ಅಂಕಿ ಬರೆಯುವುದು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧ ದಾಟದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರ ಮತಗಳನ್ನು ಎರಡನೇ ಪ್ರಾಶಸ್ತ್ಯಕ್ಕೆ ಹಂಚುವುದು. ಒಂದು ಗುಂಪು ತಲೆಯ ಮೇಲೆ ಹೊತ್ತು ಮೆರೆಸುವ, ಉಳಿದವರು ಮೂಗು ಮುರಿಯುವ ಪುಸ್ತಕ ಈ ಲೆಕ್ಕದಲ್ಲಿ ಸೋಲುತ್ತದೆ. ಬಹಳ ಜನ 'ಇದೂ ಚೆನ್ನಾಗಿದೆ' ಅಂದದ್ದು ಮೇಲೆ ಬರುತ್ತದೆ. ಕೆಲವು ವರ್ಷ ಅತಿ ವಿಚಿತ್ರ ಪುಸ್ತಕ ಹ್ಯೂಗೊದಲ್ಲಿ ಹಿಂದೆ ಬಿದ್ದು ನೆಬ್ಯುಲಾದಲ್ಲಿ ಗೆಲ್ಲುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅನುಮಾನ. ನೆಬ್ಯುಲಾದ ಮತದಾರರು ಲೇಖಕರೇ, 1965ರಲ್ಲಿ ಕಟ್ಟಿದ ಅಮೆರಿಕದ ವಿಜ್ಞಾನ ಕಥೆಗಾರರ ಸಂಘದ ಸದಸ್ಯರು. ಅಡುಗೆಯವರೇ ಅಡುಗೆಗೆ ಅಂಕ ಕೊಟ್ಟ ಹಾಗೆ, ರುಚಿಯ ಜೊತೆಗೆ ಕೈಚಳಕಕ್ಕೂ ಬೆಲೆ ಸಿಗುತ್ತದೆ. ವಿಜ್ಞಾನ ಕಾದಂಬರಿಗೆ ಬ್ರಿಟನ್ನಿನಲ್ಲಿ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯದು ಇನ್ನೊಂದು ದಾರಿ, ಅಲ್ಲಿ ತೀರ್ಪುಗಾರರ ಸಮಿತಿ ಕೂತು ಆರಿಸುತ್ತದೆ.

ಮತ ಅಂದ ಮೇಲೆ ಚುನಾವಣೆಯ ರೋಗಗಳೂ ಬರಬೇಕಲ್ಲ, ಬಂದಿವೆ. 2015ರಲ್ಲಿ ಒಂದು ಬಣದವರು ಸಿದ್ಧ ಪಟ್ಟಿ ಹಂಚಿ, ಎಲ್ಲರೂ ಇದೇ ಹೆಸರು ಬರೆಯಿರಿ ಅಂತ ಸೂಚನೆ ಕೊಟ್ಟು, ಅಂತಿಮ ಪಟ್ಟಿಯನ್ನೇ ವಶ ಮಾಡಿಕೊಂಡರು. ಹ್ಯೂಗೊದಲ್ಲಿ 'ಯಾರಿಗೂ ಬೇಡ' ಅನ್ನುವ ಆಯ್ಕೆಯೂ ಇದೆ. ನಮ್ಮ ನೋಟಾ ಗೆದ್ದರೂ ಕುರ್ಚಿ ಯಾರಿಗೋ ಹೋಗುತ್ತದೆ, ಅಲ್ಲಿ ಹಾಗಲ್ಲ, ನೋಟಾ ಗೆದ್ದರೆ ಪ್ರಶಸ್ತಿಯೇ ಇಲ್ಲ. ಆ ವರ್ಷ ಐದು ವಿಭಾಗಗಳಲ್ಲಿ ನೋಟಾ ಗೆದ್ದಿತು. ಆಮೇಲೆ, ಒಗ್ಗಟ್ಟಾಗಿ ಬಂದ ಪಟ್ಟಿಗಳ ಬಲ ತಗ್ಗುವಂತೆ ಹೆಸರು ಸೂಚಿಸುವ ಮೊದಲ ಸುತ್ತಿನ ಎಣಿಕೆಯನ್ನೇ ಬದಲಿಸಿದರು.

2023ರ ಜಾತ್ರೆ ಚೀನಾದ ಚೆಂಗ್ಡುವಿನಲ್ಲಿ. ಆರ್.ಎಫ್. ಕುವಾಂಗ್ ಅವರ 'ಬೇಬೆಲ್' ಅದಾಗಲೇ ನೆಬ್ಯುಲಾ ಗೆದ್ದಿತ್ತು, ಹ್ಯೂಗೊ ಪಟ್ಟಿಯಲ್ಲಿ ಮಾತ್ರ ಕಾಣಲಿಲ್ಲ. ತಿಂಗಳುಗಳ ನಂತರ ಅಂಕಿಅಂಶ ಹೊರಬಿದ್ದಾಗ ನೋಡಿದರೆ ಅದರ ಮುಂದೆ 'ಅನರ್ಹ' ಎಂಬ ಒಂದೇ ಷರಾ, ಕಾರಣ ಖಾಲಿ. ಲೇಖಕರ ಬರಹಗಳಲ್ಲಿ ಚೀನಾ, ತೈವಾನ್, ಟಿಬೆಟ್ ಬಗ್ಗೆ ಏನಿದೆ ಅಂತ ಆಡಳಿತ ನೋಡುತ್ತಿದ್ದವರು ಮೊದಲೇ ಹುಡುಕಿದ್ದರು ಎಂಬುದು ಬಯಲಾದ ಇ-ಮೇಲ್‌ಗಳಿಂದ ಗೊತ್ತಾಯಿತು. ಅದರ ಮರುವರ್ಷ ಗ್ಲಾಸ್ಗೊದಲ್ಲಿ 377 ಮತಗಳನ್ನು ಖೊಟ್ಟಿ ಅಂತ ಕಿತ್ತು ಹಾಕಿದರು. ಒಂದಕ್ಷರ ಮಾತ್ರ ಬದಲಾಗುತ್ತ ಹೋಗುವ ಹೆಸರುಗಳ ಸಾಲೊಂದು ಅದರಲ್ಲಿತ್ತು, ಅಂಕಿಗಳನ್ನೇ ಕ್ರಮವಾಗಿ ಅನುವಾದಿಸಿ ಇಟ್ಟ ಹೆಸರುಗಳೂ ಇದ್ದವು. ಒಂದಪ್ಪ, ಎರಡಪ್ಪ, ಮೂರಪ್ಪ ಅಂದ ಹಾಗೆ. ಇದನ್ನು ಹೇಳಿದಾಗ ನಮ್ಮ ಗುಂಪಿನ ಔಷಧಿ ಅಂಗಡಿಯವರು, "ಹಂಗಾದ್ರ ನಮ್ಮೂರ ಮತದಾರರ ಪಟ್ಟಿ ತಯಾರ್ ಮಾಡಿದವ್ರು ಅಲ್ಲಿಗೂ ಹೋಗ್ಯಾರ ಬಿಡ್ರಿ" ಅಂದರು.

ಇಷ್ಟು ಗದ್ದಲ ಇದ್ದರೂ ಆ ಪ್ರಶಸ್ತಿಯ ಮಾನ ಉಳಿದಿದೆ. ಎಷ್ಟು ಮತ, ಯಾರಿಗೆ, ಯಾವ ಸುತ್ತಿನಲ್ಲಿ ಯಾರು ಬಿದ್ದರು ಅನ್ನುವ ಲೆಕ್ಕವನ್ನು ಪೂರ್ತಿ ಪ್ರಕಟಿಸಬೇಕೆಂಬ ನಿಯಮ ಇರುವುದರಿಂದಲೇ ಚೆಂಗ್ಡುವಿನ ಕೆಲಸ ಬೆಳಕಿಗೆ ಬಂತು. ನಮ್ಮ ಯಾವ ಪ್ರಶಸ್ತಿಯ ತೀರ್ಪುಗಾರರ ಕೋಣೆಯಲ್ಲಿ ಎರಡನೇ ಸ್ಥಾನಕ್ಕೆ ಬಿದ್ದ ಪುಸ್ತಕ ಯಾವುದು ಅಂತ ನಮಗೆ ಗೊತ್ತಾಗಿದೆ? ಸಾಹಿತ್ಯ ಅಕಾಡೆಮಿ 24 ಭಾಷೆಗಳಿಗೆ ವರ್ಷಕ್ಕೊಂದು ಪ್ರಶಸ್ತಿ ಕೊಡುತ್ತದೆ. ಕನ್ನಡಕ್ಕೆ ಮೂವರು ತೀರ್ಪುಗಾರರು. ಆ ಮೂವರು ಎಷ್ಟೇ ದೊಡ್ಡವರಿರಲಿ, ಮೂವರೇ.

ಚಂದ್ರಶೇಖರ ಅವರ ಕಾದಂಬರಿಯ ಕಡೆ ಬರೋಣ. ಕಥಾನಾಯಕನ ಹೆಸರು ಫೆಟ್ಟರ್, ಅಂದರೆ ಸಂಕೋಲೆ. ಹುಟ್ಟಿದ ಕ್ಷಣವೇ ತಾಯಿ ಅವನ ನೆರಳನ್ನು ಹಿತ್ತಾಳೆಯ ಮೊಳೆಯಿಂದ ನೆಲಕ್ಕೆ ಜಡಿದು ಕಿತ್ತು ಹಾಕುತ್ತಾಳೆ. ತಂದೆ ಒಂದು ಪಂಥ ಕಟ್ಟಿದ ಮಹಾಸಂತ. ಆ ತಂದೆಯನ್ನು ಕೊಲ್ಲಲೆಂದೇ ತಾಯಿ ಮಗನನ್ನು ಬೆಳೆಸುತ್ತಾಳೆ. ಮಗ ದೊಡ್ಡ ಶಹರಕ್ಕೆ ಹೋಗಿ, ತನ್ನ ಹಾಗೆಯೇ ಅವತಾರಪುರುಷರಾಗಬೇಕಿದ್ದು ಆಗದೇ ಹೋದವರ ಜೊತೆ ಕೂತು ದುಃಖ ಹಂಚಿಕೊಳ್ಳುತ್ತಾನೆ. ಬುದ್ಧನ ಮಗ ರಾಹುಲನ ಕಥೆ ಗೊತ್ತಿದ್ದವರಿಗೆ ಇದು ತಟ್ಟನೆ ಹೊಳೆಯುತ್ತದೆ. ರಾಹುಲ ಅನ್ನುವ ಹೆಸರಿಗೆ ಬೌದ್ಧ ಪರಂಪರೆ ಹೇಳುವ ಅರ್ಥವೂ ಸಂಕೋಲೆ ಎಂದೇ. ಮಗನನ್ನು ತೊಟ್ಟಿಲಲ್ಲಿ ಬಿಟ್ಟು ಹೋದ ತಂದೆಯ ಮೇಲೆ ಮಗನಿಗಿರುವ ತಕರಾರನ್ನು, ಧರ್ಮ ಮತ್ತು ಪ್ರಭುತ್ವ ಕೈಹಿಡಿದು ನಡೆಯುವ ಒಂದು ದ್ವೀಪದ ರಾಜಕಾರಣವನ್ನು, ಅಲ್ಲೇ ಇದ್ದು ಕಂಡ ಈ ಲೇಖಕರು ಫ್ಯಾಂಟಸಿಯ ವೇಷ ತೊಡಿಸಿ ಬರೆದಿದ್ದಾರೆ. ನೇರ ವಾಸ್ತವದಲ್ಲಿ ಬರೆದಿದ್ದರೆ ಈ ಸಿಟ್ಟು ಹೀಗೆ ನಗುತ್ತ ಬರುತ್ತಿರಲಿಲ್ಲ. (ಎರಡನೆಯದು, 'ರೇಕ್ಸ್‌ಫಾಲ್', ನನಗೆ ಅರ್ಧ ಮಾತ್ರ ದಕ್ಕಿತು. ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿದ್ದೇನೆ.)

ಆ ಕಾದಂಬರಿಯ ಶಹರದಲ್ಲಿ ಮುಚ್ಚಿದ ಬಾಗಿಲುಗಳು ಕೆಲವೊಮ್ಮೆ ತಾವೇ ಹೊಳೆವ ಬಾಗಿಲುಗಳಾಗಿಬಿಡುತ್ತವೆ, ಆಮೇಲೆ ತೆರೆಯುವುದೇ ಇಲ್ಲ, ಹಿಂದೆ ಏನಿದೆಯೋ ತಿಳಿಯದು. ಇದನ್ನು ಓದುವಾಗ ನನಗೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಕಣ್ಣಮುಂದೆ ಬಂತು. ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳು, ನೂರಾರು. ಚಪ್ಪಡಿ ನಿಲ್ಲಿಸಿ ಗೋಡೆ, ಮೇಲೊಂದು ಚಪ್ಪಡಿ ಚಾವಣಿ. ಕೆಲವುಗಳ ಒಂದು ಬದಿಯ ಕಲ್ಲಿನಲ್ಲಿ ದುಂಡನೆಯ ರಂಧ್ರ. ತಲೆ ತೂರಿಸಿ ನೋಡಿದರೆ ಒಳಗೆ ತಂಪು, ಬಾವಲಿ ವಾಸನೆ, ಮತ್ತೇನಿಲ್ಲ. ಊರವರ ಬಾಯಲ್ಲಿ ಅವು ಮೋರೇರ ಮನೆಗಳು, ಬಹಳ ಗಿಡ್ಡ ಜನ ಕಟ್ಟಿಕೊಂಡು ಬದುಕಿದ ಮನೆಗಳು. ಗುಡ್ಡದ ಮೇಲೆ ನಗಾರಿಯಂಥ ಒಂದು ಬಂಡೆ ಇದೆ, ಬಡಿದರೆ ದೂರದವರೆಗೆ ಸದ್ದು ಕೇಳುತ್ತದೆ. ಕುಡತಿನಿಯ ಬೂದಿದಿಬ್ಬ ರಾಕ್ಷಸನ ಬೂದಿ, ಹಂಪಿಯ ಹತ್ತಿರದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಅಂತ ನಮ್ಮಜ್ಜಿಯರು ಹೇಳಿದ್ದನ್ನು ಪುರಾತತ್ವದವರು ನವಶಿಲಾಯುಗದ ದನಗಾಹಿಗಳ ಸಗಣಿಯ ಬೂದಿ ಅಂದರು. ಎರಡೂ ಕಥೆಗಳು ನನಗೆ ಸಮ ಇಷ್ಟ.

ಇನ್ನು ನಮ್ಮ ಗವಿಮಠದ ಅಶೋಕನ ಶಾಸನ. ಜಾತ್ರೆಗೆ ಲಕ್ಷ ಲಕ್ಷ ಜನ ಬಂದು ಅಜ್ಜನ ದರ್ಶನ ಮಾಡಿ ಹೋಗುತ್ತಾರೆ, ಬಂಡೆಯ ಮೇಲಿನ ಬ್ರಾಹ್ಮಿ ಲಿಪಿಯ ತನಕ ಹತ್ತುವವರು ಕಡಿಮೆ. ಜಂಬೂದ್ವೀಪದಲ್ಲಿ ಇಲ್ಲಿಯ ತನಕ ಒಂದಾಗದಿದ್ದ ದೇವರು ಮತ್ತು ಮನುಷ್ಯರು ಈಗ ಬೆರೆತಿದ್ದಾರೆ ಎಂಬ ಅರ್ಥದ ಒಂದು ಸಾಲು ಅದರಲ್ಲಿದೆ. ವಿದ್ವಾಂಸರು ಆ ಸಾಲಿನ ಮೇಲೆ ಇನ್ನೂ ಜಗ್ಗಾಡುತ್ತಿದ್ದಾರೆ. ಒಬ್ಬ ಚಕ್ರವರ್ತಿ ತಾನು ಬೌದ್ಧನಾದ ಮೇಲೆ ದೇವರು ನೆಲಕ್ಕಿಳಿದು ಜನರ ಜೊತೆ ಓಡಾಡುತ್ತಿದ್ದಾರೆ ಅಂತ ಕಲ್ಲಿನಲ್ಲಿ ಕೆತ್ತಿಸುತ್ತಾನೆ! ಕೊಲಂಬೊದ ಆ ಕಾದಂಬರಿಕಾರ ಕೈ ಹಾಕಿದ್ದೂ ಇದೇ ಗಂಟಿಗೆ.

ಅಂದರೆ ಸಾಮಗ್ರಿಗೆ ಬರವಿಲ್ಲ. ಹಳೆಯದೇ ಆಗಬೇಕೆಂದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರ ನಾಲ್ಕು ಜಿಲ್ಲೆಯ ರೈತರು ನಿದ್ದೆ ಬಿಟ್ಟು, ಹರಿಯುವ ನೀರಿಗೇ ಉಕ್ಕಿನ ಹಲಗೆ ಇಳಿಸುವುದನ್ನು ಮೊಬೈಲಿನಲ್ಲಿ ನೋಡಿದರು. ಗಿಣಿಗೇರಿ ಸುತ್ತಮುತ್ತ ಕಾರ್ಖಾನೆಗಳ ಕರಿಧೂಳು ಕೂತು ಹೊಲದ ಹತ್ತಿ ಬಣ್ಣ ಕಳೆದುಕೊಳ್ಳುವುದನ್ನು ದಿನವೂ ನೋಡುತ್ತೇವೆ. ಇದನ್ನೆಲ್ಲ ಕಾದಂಬರಿಯಲ್ಲಿ ನೂರು ವರ್ಷ ಮುಂದಕ್ಕೆ ತಳ್ಳಿ ಬರೆದರೆ ಕನ್ನಡದಲ್ಲಿ ಅದನ್ನು ಏನೆಂದು ಕರೆಯುತ್ತೇವೆ?

ತೊಡಕು ಶುರುವಾಗುವುದು ಇಲ್ಲೇ. ನಮ್ಮ ಗುಂಪಿನ ನಿವೃತ್ತ ಗ್ರಂಥಪಾಲಕರು ಹೇಳಿದ್ದು: "ಪತ್ತೇದಾರಿಗೆ ಒಂದ್ ಕಪಾಟ ಇತ್ರಿ. ಸಾಮಾಜಿಕಕ್ಕ, ಐತಿಹಾಸಿಕಕ್ಕ ಇತ್ತು. ವಿಜ್ಞಾನ ಕಾದಂಬರಿ ಬಂದ್ರ ಎಸ್ಸೆಸ್ಸೆಲ್ಸಿ ಗೈಡಿನ ಬಾಜೂಕ ಇಡ್ತಿದ್ವಿ." ತೇಜಸ್ವಿಯವರ 'ಕರ್ವಾಲೊ' ಬಂದು ನಾಲ್ಕು ದಶಕ ದಾಟಿತು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರ ಕಥೆ, ವಿಕಾಸವಾದವನ್ನು ಕಾದಂಬರಿಯ ಉಸಿರು ಮಾಡಿಕೊಂಡ ಕಥೆ, ಅದನ್ನು ಎಂದಾದರೂ ವಿಜ್ಞಾನ ಕಥೆ ಅಂತ ಓದಿದ್ದೇವಾ? ಕಂಬಾರರ ಶಿವಾಪುರ ಜಾನಪದದ ಕಪಾಟಿಗೆ ಹೋಯಿತು. ಬಳ್ಳಾರಿ ಸೀಮೆಯವರೇ ಆದ ಕುಂ. ವೀರಭದ್ರಪ್ಪನವರ 'ಅರಮನೆ'ಗೆ 2007ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅದರ ಅದ್ಭುತಕ್ಕೆ ವಿಮರ್ಶಕರು ಬೇರೆ ಬೇರೆ ಹೆಸರಿಟ್ಟರು, ಫ್ಯಾಂಟಸಿ ಅನ್ನಲು ಯಾಕೋ ನಾಲಿಗೆ ಏಳಲಿಲ್ಲ. ಒಳ್ಳೆಯದಾದರೆ ಅದು ಸಾಹಿತ್ಯ, ವಿಜ್ಞಾನ ಕಥೆ ಅನ್ನಿಸಿಕೊಂಡರೆ ಮಕ್ಕಳದ್ದು. ರಾಜಶೇಖರ ಭೂಸನೂರಮಠ ಅವರಂಥವರು ಇದನ್ನೇ ವ್ರತ ಮಾಡಿಕೊಂಡು ಬರೆದರು. ಇವತ್ತಿನ ಎಷ್ಟು ಎಂ.ಎ. ವಿದ್ಯಾರ್ಥಿಗಳಿಗೆ ಅವರ ಹೆಸರು ಗೊತ್ತು?

ಈ ಮುಜುಗರ ಕನ್ನಡಕ್ಕಷ್ಟೇ ಸೇರಿದ್ದಲ್ಲ. ಪಕ್ಕದ ಮರಾಠಿಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ ದಶಕಗಟ್ಟಲೆ ವಿಜ್ಞಾನ ಕಥೆ ಬರೆದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ 2014ರಲ್ಲಿ ಬಂದದ್ದು ಅವರ ಆತ್ಮಕಥೆಗೆ. ಅಮಿತಾವ್ ಘೋಷ್ ಅವರ 'ದ ಕಲ್ಕತ್ತಾ ಕ್ರೋಮೋಸೋಮ್' 1997ರಲ್ಲಿ ಕ್ಲಾರ್ಕ್ ಪ್ರಶಸ್ತಿ ಪಡೆದದ್ದು ಅವರ ಪರಿಚಯಗಳಲ್ಲಿ ಜ್ಞಾನಪೀಠದ ನೆರಳಲ್ಲಿ ಅಡಗಿಬಿಡುತ್ತದೆ.

ಚೀನಾದ ಲಿಯು ಸಿಷಿನ್ ನಡೆದ ಹಾದಿ ನೋಡಿದರೆ ನಮ್ಮಲ್ಲಿ ಯಾವ ಮೆಟ್ಟಿಲು ಇಲ್ಲ ಅಂತ ತಿಳಿಯುತ್ತದೆ. 'ದ ತ್ರೀ-ಬಾಡಿ ಪ್ರಾಬ್ಲೆಮ್' ಮೊದಲು 2006ರಲ್ಲಿ ಚೆಂಗ್ಡುವಿನ ಒಂದು ವಿಜ್ಞಾನ ಕಥೆಗಳ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಯಿತು. 2008ರಲ್ಲಿ ಪುಸ್ತಕ. ಅದಕ್ಕೂ ಮೊದಲೇ ಅದೇ ಪತ್ರಿಕೆ ಕೊಡುವ ಗ್ಯಾಲಕ್ಸಿ ಪ್ರಶಸ್ತಿಯನ್ನು ಅವರು ವರ್ಷಾನುವರ್ಷ ಗೆದ್ದಿದ್ದರು. ಕೆನ್ ಲಿಯು ಅವರ ಇಂಗ್ಲಿಷ್ ಅನುವಾದ 2014ರಲ್ಲಿ ಬಂತು, 2015ರಲ್ಲಿ ಹ್ಯೂಗೊ. ಬಣಗಳ ಜಗಳದ ಅದೇ ವರ್ಷ, ಅನುವಾದಿತ ಕಾದಂಬರಿಯೊಂದಕ್ಕೆ ಮೊಟ್ಟಮೊದಲ ಬಾರಿ. ಅಮೆರಿಕದವರಿಗೆ ಅವರು ಹೊಸಬರು, ಚೀನಾದ ಓದುಗನಿಗೆ ಆಗಲೇ ಹದಿನೈದು ವರ್ಷದ ಹಳಬರು. ಚಂದ್ರಶೇಖರ ಕೂಡ ಕಾದಂಬರಿಗೆ ಮುಂಚೆ ಒಂದು ದಶಕ ಸಣ್ಣ ಕಥೆಗಳನ್ನು ಇದೇ ಬಗೆಯ ಪತ್ರಿಕೆಗಳಲ್ಲಿ ಬರೆದವರು. ಪುಸ್ತಕ ಬಂದಾಗ ಮತ ಹಾಕುವವರಿಗೆ ಹೆಸರು ಪರಿಚಿತ. ನಮ್ಮ ಸುಧಾ, ತರಂಗ, ಮಯೂರ, ದೀಪಾವಳಿ ವಿಶೇಷಾಂಕಗಳು ಕಥೆಗಾರರ ಒಂದು ಪೀಳಿಗೆಯನ್ನೇ ಹತ್ತಿಸಿದ ಏಣಿ, ಆದರೆ ವಿಜ್ಞಾನ ಕಥೆಗೆ ಅಂತ ಪ್ರತ್ಯೇಕ ಮೆಟ್ಟಿಲು ಅದರಲ್ಲಿಲ್ಲ.

ಅನುವಾದದ ವಿಷಯದಲ್ಲಿ ಹ್ಯೂಗೊದ ನಿಯಮ ಉದಾರವಾಗಿಯೇ ಇದೆ. ಬೇರೆ ಭಾಷೆಯ ಕೃತಿ ಎಷ್ಟೇ ಹಳೆಯದಿರಲಿ, ಇಂಗ್ಲಿಷಿಗೆ ಮೊದಲ ಸಲ ಬಂದ ವರ್ಷ ಅದು ಮತ್ತೆ ಅರ್ಹ. ಆ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಅನುವಾದ ಬಂದ ವರ್ಷ ಅಲ್ಲಿನ ಓದುಗನ ಕೈಗೆ ಸಿಗದಿದ್ದರೆ ಆ ವರ್ಷದ ಅವಕಾಶ ಸದ್ದಿಲ್ಲದೆ ಮುಗಿಯುತ್ತದೆ. ಪ್ರಕಾಶನ ಎಲ್ಲಿಯದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ಕಾದಂಬರಿ ಭಾರತದಲ್ಲಿ 2020ರಲ್ಲೇ ಬಂದಿತ್ತು. ಬೆಂಗಳೂರೇ ಬೇರೆ ಹೆಸರು ಹೊತ್ತು, ಉತ್ಪಾದಕತೆಯ ಅಂಕದ ಮೇಲೆ ಜನರನ್ನು ಮೇಲಿನ ಶೇ. 20, ನಡುವಿನ ಶೇ. 70, ಕೆಳಗಿನ ಶೇ. 10 ಅಂತ ಸೀಳಿದ ಭವಿಷ್ಯ ಅದರದ್ದು. 'ದ ಟೆನ್ ಪರ್ಸೆಂಟ್ ಥೀಫ್' ಎಂಬ ಹೊಸ ಹೆಸರಲ್ಲಿ 2023ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ ಮೇಲೆಯೇ 2024ರ ಕ್ಲಾರ್ಕ್ ಕಿರುಪಟ್ಟಿಗೆ ಬಂತು, ಯಾಕೆಂದರೆ ಆ ಪ್ರಶಸ್ತಿಗೆ ಬ್ರಿಟನ್ನಿನ ಪ್ರಕಟಣೆಯೇ ಮಾನದಂಡ. 2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ದೀಪಾ ಭಾಸ್ತಿಯವರ ಅನುವಾದದ ಹಿಂದೆ ಬ್ರಿಟನ್ನಿನದೇ ಒಂದು ಸಣ್ಣ ಪ್ರಕಾಶನ ಇತ್ತು. 50,000 ಪೌಂಡ್ ಇಬ್ಬರಿಗೂ ಸಮ. ಹ್ಯೂಗೊದ ರಾಕೆಟ್ಟಿನಲ್ಲಿ ಕಾದಂಬರಿಯ ಅನುವಾದಕರಿಗೆ ಪ್ರತ್ಯೇಕ ವಿಭಾಗವಿಲ್ಲ, ಇದು ಅದರ ಒಂದು ಕೊರತೆ ಅಂತಲೇ ನನ್ನ ಅಭಿಪ್ರಾಯ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಆ ಹುಡುಗ ಇನ್ನೊಂದು ಪ್ರಶ್ನೆ ಇಟ್ಟ. "ಮತ ಹಾಕೂದು ನಾವೂ ಮಾಡಬಹುದಲ್ಲರೀ, ಸರ? ಡಾಲರ್ ಯಾಕ್ ಬೇಕು?"

ಮಾಡಿದೆವು. ಮುಂದಿನ ತಿಂಗಳಿಗೆ ದೀಪಾವಳಿ ವಿಶೇಷಾಂಕಗಳನ್ನೂ ಮಯೂರದ ಹಳೆಯ ಸಂಚಿಕೆಗಳನ್ನೂ ಜೋಡಿಸಿ, ವಾಸ್ತವದ ಗೆರೆ ದಾಟಿದ್ದು ಅನ್ನಿಸಿದ ಕಥೆಗಳನ್ನು ಎಲ್ಲರೂ ಓದಿ ಬಂದರು. ಯಾವುದು ದಾಟಿದ್ದು, ಯಾವುದು ದಾಟಿಲ್ಲ ಅನ್ನುವುದಕ್ಕೇ ಒಂದು ತಾಸು ಹೋಯಿತು. ದೆವ್ವ ಬಂದರೆ ಸಾಕಾ, ಅಥವಾ ಕಥೆಯೊಳಗಿನವರು ದೆವ್ವವನ್ನು ನಂಬಬೇಕಾ? ಕನಸಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ ಅಂತ ಒಬ್ಬಳು ಪಟ್ಟು ಹಿಡಿದಳು. ಕೊನೆಗೆ ನಾಲ್ಕು ಕಥೆ, ಕೆಳಗೆ ಐದನೇ ಸಾಲಿನಲ್ಲಿ 'ಯಾವುದೂ ಬೇಡ'. ಹದಿಮೂರು ಚೀಟಿ, ಔಷಧಿ ಅಂಗಡಿಯವರು ತಂದ ಖಾಲಿ ಮಾತ್ರೆ ಡಬ್ಬಿ. ಕೊನೆಯ ಸುತ್ತಿನ ಎಣಿಕೆಯಲ್ಲಿ ಏಳಕ್ಕೆ ಆರರಂತೆ 'ಯಾವುದೂ ಬೇಡ' ಗೆದ್ದಿತು. ಸೋತ ಕಥೆಯ ಕಡೆಯವರು ಮರುಎಣಿಕೆ ಕೇಳಿದರು, ಏಳರಲ್ಲಿ ಒಬ್ಬರು ಕಥೆಯನ್ನೇ ಪೂರ್ತಿ ಓದಿಲ್ಲ ಅಂತ ತಕರಾರು ತೆಗೆದರು, ಚಹಾದವನು ಗ್ಲಾಸು ಎತ್ತಿಕೊಂಡು ಲೈಟು ಆರಿಸಿದ ಮೇಲೂ ಜಗಳ ಬೀದಿಯಲ್ಲಿ ಮುಂದುವರಿಯಿತು.